ಸದಾಶಿವಗಡದ ರೇವು ಮತ್ತು ಧಾರವಾಡದ ಅರಳೆ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಹತ್ತಿ ವ್ಯಾಪಾರದ ಬರಹಗಳನ್ನು ನೋಡುವವರಿಗೆ ಎರಡು ಹೆಸರುಗಳು ಮೇಲಿಂದಮೇಲೆ ಎದುರಾಗುತ್ತವೆ. ಒಂದು ‘ಕೂಂಪ್ಟಾ’, ಮತ್ತೊಂದು ‘ಸೆಡಾಶೆಗರ್’. ಮೊದಲನೆಯದು ನಮ್ಮ ಕುಮಟೆಯೇ. ಧಾರವಾಡದ ಎರೆಭೂಮಿಯಲ್ಲಿ ಬೆಳೆದ ಅರಳೆ ಕುಮಟೆಯ ರೇವಿನಿಂದ ಹಡಗೇರುತ್ತಿದ್ದುದರಿಂದ, ಲಿವರ್‌ಪೂಲಿನ ಪೇಟೆಯು ಬೆಳೆದ ನೆಲವನ್ನು ಮರೆತು ಕಳುಹಿಸಿದ ರೇವಿನ ಹೆಸರನ್ನೇ ಆ ಹತ್ತಿಗೆ ಇಟ್ಟುಕೊಂಡಿತು. ಎರಡನೆಯದು ಸದಾಶಿವಗಡ. ಇದು ಕಾಳೀನದಿಯ ಉತ್ತರ ದಡದ ಮೇಲೆ ಸೋದೆಯ ಅರಸರು ಕಟ್ಟಿಸಿದ ಕೋಟೆ. ಆದರೆ ಮ್ಯಾಂಚೆಸ್ಟರಿನವರು ಆ ಹೆಸರಿನಿಂದ ಸೂಚಿಸುತ್ತಿದ್ದುದು ಕೋಟೆಯನ್ನಲ್ಲ. ನದಿಯ ದಕ್ಷಿಣಕ್ಕಿರುವ ಕಾರವಾರದ ಕೊಲ್ಲಿಯನ್ನು. ಹಡಗುಗಳಿಗೆ ಆಶ್ರಯವಾದ ಜಾಗವು ಅಲ್ಲಿಯ ಬೈತಖೋಲ. ಈ ಕೊನೆಯ ಹೆಸರನ್ನು ಇಂಗ್ಲಿಷ್ ಬರಹದಲ್ಲಿ ಕಂಡು ಭಟ್ಕಳವೆಂದು ಭ್ರಮಿಸುವುದು ಸುಲಭ. ವಾಚಕರು ಎಚ್ಚರದಿಂದಿರಬೇಕು.

ಈ ರೇವನ್ನು ಕುರಿತು ಸರಕಾರವು ಮಾಡಿದ ಯೋಜನೆಯೂ, ಆ ಯೋಜನೆ ಫಲಿಸದೆ ಹೋದ ಬಗೆಯೂ ಪ್ರಕೃತ ಲೇಖನದ ವಿಷಯ. ಕಾರವಾರವನ್ನು ಮರ್ಮಗೋವೆಯ ರೈಲು ಕೆಡಿಸಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ರೈಲು ಬರುವುದಕ್ಕೆ ಕಾಲು ಶತಮಾನದ ಹಿಂದೆಯೇ ಕಾರವಾರದ ಭಾಗ್ಯವು ಬಹುಮಟ್ಟಿಗೆ ನಿರ್ಣಯವಾಗಿತ್ತೆಂದು ನಮಗೆ ತೋರುತ್ತದೆ.

ಕಾರವಾರದ ವ್ಯಾಪಾರವು ಹೊಸದಲ್ಲ. 1638ರಲ್ಲಿಯೇ ಕೋರ್ಟೀನನ ಇಂಗ್ಲಿಷ್ ವರ್ತಕಸಂಘವು ಅಲ್ಲಿ ಕೋಠಿಯನ್ನಿಟ್ಟಿತು. ಮೆಣಸೂ ಹುಬ್ಬಳ್ಳಿಯ ಕಡೆಯ ನವುರಾದ ಬಟ್ಟೆಯೂ ಅದರ ಆಕರ್ಷಣೆಗಳಾಗಿದ್ದುವು. ಅಂದಿನ ಸಾಗಾಟವು ಹೇರೆತ್ತುಗಳ ಬೆನ್ನಿನ ಮೇಲೆ ನಡೆಯುತ್ತಿತ್ತು. ಲಂಬಾಣಿಗಳ ಎತ್ತಿನ ಹಿಂಡುಗಳು ಸರಕನ್ನು ಹೊತ್ತು ಘಟ್ಟವನ್ನಿಳಿದು, ಮರಳುವಾಗ ಕರಾವಳಿಯ ಉಪ್ಪನ್ನು ಹೇರಿಕೊಂಡು ಬಯಲು ಸೀಮೆಗೆ ಹೋಗುತ್ತಿದ್ದುವು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು ಹೀಗೆ ಘಟ್ಟವೇರಿತು. ಇಳಿಯುವ ಹೇರಿಗೂ ಏರುವ ಹೇರಿಗೂ ಇದ್ದ ಈ ಸಮತೂಕವೇ ಘಟ್ಟದ ದಾರಿಗಳ ಜೀವವಾಗಿತ್ತು. ಬರಿದಾಗಿ ಮರಳುವ ಎತ್ತಿಗೂ ಮೇವು ಬೇಕಷ್ಟೆ.

ಕಂಪನಿಯ ಆಳಿಕೆಯಲ್ಲಿ ಈ ಒಂದೇ ದಾರಿಯ ಎರಡು ತುದಿಗಳು ಎರಡು ಸರಕಾರಗಳಿಗೆ ಸೇರಿದುವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕನ್ನಡ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿತು. ಪೇಶ್ವೆಯ ಪತನಾನಂತರ ಧಾರವಾಡವು ಮುಂಬಯಿ ಪ್ರಾಂತದ ಪಾಲಾಯಿತು. ಹತ್ತಿ ಬೆಳೆಯುವ ನೆಲ ಮುಂಬಯಿಯದು, ಹತ್ತಿ ಇಳಿಯುವ ರೇವು ಮದರಾಸಿನದು. ದೂರದ ಮದರಾಸಿಗೆ ಪಡುವಣ ಕಡಲ ಈ ಮೂಲೆಯಲ್ಲಿ ಹಣ ಸುರಿದು ಧಾರವಾಡದ ರೈತನಿಗೆ ಅನುಕೂಲ ಮಾಡಿಕೊಡುವ ಆತುರವಿರಲಿಲ್ಲ. ಮುಂಬಯಿಗೋ, ತನ್ನದಲ್ಲದ ನೆಲದಲ್ಲಿ ರಸ್ತೆ ಕಡಿಯುವ ಅಧಿಕಾರವಿರಲಿಲ್ಲ. ಇದರ ನಡುವೆಯೇ ಧಾರವಾಡದಲ್ಲಿ 1840ರ ದಶಕದಿಂದ ಅಮೆರಿಕದ ಬೀಜದ ಹತ್ತಿಯು ಹಬ್ಬಿತು. ಬೆಳೆ ಬೆಳೆಯಿತು, ದಾರಿ ಬೆಳೆಯಲಿಲ್ಲ.

ಕುಮಟೆಯ ರೇವು ತೆರೆದ ಕಡಲಿನದು. ಮಳೆಗಾಲದಲ್ಲಿ ಅಲ್ಲಿ ಹಡಗು ನಿಲ್ಲದು. ಬೇಸಗೆಯಲ್ಲಿಯೂ ಅರಳೆಯ ಅಂಡಿಗೆಗಳು ಪತ್ತೇಮಾರಿಗಳಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ದೊಡ್ಡ ಹಡಗನ್ನೇರಿ ವಿಲಾಯತಿಗೆ ಹೋಗಬೇಕಾಗಿತ್ತು. ಕಾರವಾರದ ಕೊಲ್ಲಿಗಾದರೋ ದ್ವೀಪಗಳ ಮರೆಯುಂಟು, ನೈಋತ್ಯದ ಗಾಳಿಯನ್ನು ತಡೆಯುವ ಗುಡ್ಡವುಂಟು. ಅಲ್ಲಿಂದ ಲಿವರ್‌ಪೂಲಿಗೆ ನೇರವಾಗಿ ಹಡಗು ಕಳುಹಿಸಬಹುದೆಂಬ ಆಸೆಯು ಮ್ಯಾಂಚೆಸ್ಟರಿನಲ್ಲಿ ಹುಟ್ಟಿದುದು ಸಹಜ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಮೊದಲಾಗಿ ಅಲ್ಲಿಯ ಹತ್ತಿ ನಿಂತುಹೋಗಲು, ಆ ಆಸೆಯು ಅಗತ್ಯವಾಯಿತು. ಮ್ಯಾಂಚೆಸ್ಟರಿನ ಹತ್ತಿ ಕಂಪನಿಯೊಂದು ತನ್ನ ಪ್ರತಿನಿಧಿಯನ್ನೂ, ಅರಳೆಯನ್ನು ಬಿಡಿಸುವ ಮತ್ತು ಒತ್ತುವ ಯಂತ್ರಗಳನ್ನೂ ಸದಾಶಿವಗಡಕ್ಕೆ ಕಳುಹಿಸಿತು. ಯಂತ್ರಗಳು ಬಂದುವು, ಅವನ್ನಿಳಿಸಲು ತಕ್ಕ ಧಕ್ಕೆಯಿರಲಿಲ್ಲ, ಘಟ್ಟದ ಮೇಲಕ್ಕೊಯ್ಯಲು ರಸ್ತೆ ಮುಗಿದಿರಲಿಲ್ಲ. ಮದರಾಸು ಸರಕಾರವು ಮಾತು ತಪ್ಪಿತೆಂದು ವರ್ತಕರೂ, ಸರಕಾರದ ಹಣದಿಂದ ತಮ್ಮ ವ್ಯಾಪಾರವನ್ನು ನಡೆಸಿಕೊಳ್ಳಬಯಸುತ್ತಾರೆಂದು ಅಧಿಕಾರಿಗಳೂ ಪರಸ್ಪರ ದೂರಿಕೊಂಡರು. ಭಾರತಮಂತ್ರಿ ಸರ್ ಚಾರ್ಲ್ಸ್ ವುಡ್ಡನು ಈ ವಿಷಯದಲ್ಲಿ ಮ್ಯಾಂಚೆಸ್ಟರಿನವರ ಕಟುವಾದ ಟೀಕೆಗೆ ಗುರಿಯಾದನು.

ಈ ವಿವಾದದ ಕಾಲದಲ್ಲಿಯೇ, 1862ರಲ್ಲಿ, ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ನಮ್ಮ ನಾಡಿನ ಎಲ್ಲೆಗಳ ಇತಿಹಾಸದಲ್ಲಿ ಇದು ಗಮನಾರ್ಹವಾದ ಸಂಗತಿ. ಭಾಷೆಗಾಗಿಯೂ ಅಲ್ಲ, ಪ್ರಜೆಗಳ ಬೇಡಿಕೆಗಾಗಿಯೂ ಅಲ್ಲ, ಮುಖ್ಯವಾಗಿ ಹತ್ತಿಯ ದಾರಿಗಾಗಿ ಒಂದು ಜಿಲ್ಲೆಯು ಪ್ರಾಂತವನ್ನು ಬದಲಿಸಿತು. ಉತ್ತರ ಕನ್ನಡವೂ ದಕ್ಷಿಣ ಕನ್ನಡವೂ 1956ರವರೆಗೆ ಬೇರೆ ಬೇರೆ ಆಳಿಕೆಗಳಲ್ಲಿ ಉಳಿದುದಕ್ಕೆ ಮೂಲವನ್ನು ಇಲ್ಲಿಯೇ ಕಾಣಬೇಕು. ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಯಿತು, ದೀಪಸ್ತಂಭವೆದ್ದಿತು, ಕೈಗಾ, ಅರಬೈಲು, ದೇವಿಮನೆ ಘಟ್ಟಗಳಲ್ಲಿ ಗಾಡಿದಾರಿಗಳು ಸಿದ್ಧವಾದುವು. ಆದರೆ 1865ರಲ್ಲಿ ಅಮೆರಿಕದ ಯುದ್ಧವು ನಿಂತು, ಹತ್ತಿಯ ಬೆಲೆಯು ಕುಸಿಯಿತು. ದಾರಿ ಹದಗೊಂಡ ವೇಳೆಗೆ ಸರಕಿನ ಸುಗ್ಗಿಯು ಕಳೆದುಹೋಗಿತ್ತು.

ಅನಂತರ ಉಳಿದುದು ರೈಲಿನ ಪ್ರಶ್ನೆ. ಕಾರವಾರದಿಂದ ಹುಬ್ಬಳ್ಳಿಗೆ ಹಳಿ ಹಾಕುವ ವಿಚಾರವು ಹಲವು ಸಲ ಎದ್ದು ಹಲವು ಸಲ ಮಲಗಿತು. ಘಟ್ಟವನ್ನು ಹತ್ತಿಸುವ ವೆಚ್ಚವನ್ನು ಹೊರಲು ಯಾರೂ ಮುಂದಾಗಲಿಲ್ಲ. 1876-78ರ ಘೋರ ಕ್ಷಾಮವು ಧಾರವಾಡ, ಕಲಾದಗಿ ಸೀಮೆಗಳನ್ನು ಹಾಳುಗೆಡಹಿದ ಮೇಲೆ, ಬಯಲು ಸೀಮೆಗೆ ಕಾಳು ತಲುಪಿಸುವ ರೈಲು ಬೇಕೇಬೇಕೆಂಬುದು ನಿಶ್ಚಯವಾಯಿತು. 1878ರ ಡಿಸೆಂಬರಿನಲ್ಲಿ ಬ್ರಿಟಿಷ್ ಮತ್ತು ಪೋರ್ತುಗೀಸ್ ಸರಕಾರಗಳ ನಡುವೆ ಒಪ್ಪಂದವಾಯಿತು. ಮರ್ಮಗೋವೆಯ ರೇವಿನಿಂದ ಘಟ್ಟದ ಮೇಲಿನವರೆಗಿನ ರೈಲಿಗೆ ಹೂಡಿದ ಬಂಡವಾಳದ ಬಡ್ಡಿಗೆ ಪೋರ್ತುಗೀಸ್ ಸರಕಾರವು ಹೊಣೆಯಾಯಿತು. ಬ್ರಿಟಿಷರಿಗೆ ಉಳಿದುದು ಕ್ಯಾಸಲ್‌ರಾಕಿನಿಂದ ಲೋಂಡೆಯ ಮೇಲೆ ಬಯಲಿನ ಹಳಿಗಳಿಗೆ ಸಂಬಂಧ ಕಲ್ಪಿಸುವ ಕೆಲಸ ಮಾತ್ರ. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಅದನ್ನು ಕೈಕೊಂಡಿತು. 1888ರಲ್ಲಿ ದಾರಿಯು ತೆರೆಯಿತು. ಒಡಂಬಡಿಕೆಯು 1892ರಲ್ಲಿಯೇ ಕೊನೆಗೊಂಡರೂ ಹಳಿಗಳು ಉಳಿದುವು. ಕಾರವಾರ, ಕುಮಟೆಗಳ ಗಾಡಿಗಳ ಸಾಲು ಕರಗಿತು.

ಇಷ್ಟನ್ನು ಒಟ್ಟುಗೂಡಿಸಿ ನೋಡಿದರೆ, ಕಾರವಾರಕ್ಕೆ ಕೊರತೆಯಾಗಿದ್ದುದು ನೀರಿನ ಆಳವಲ್ಲ, ಬೆನ್ನ ಹಿಂದಿನ ದಾರಿ. ಎಲ್ಲೆಯನ್ನು ಕದಲಿಸಲು ಸರಕಾರಕ್ಕೆ ಸಾಧ್ಯವಾಯಿತು. ಎಲ್ಲೆ ಕದಲುವ ಮೊದಲು ರಸ್ತೆಯನ್ನು ಮುಗಿಸಲು ಸಾಧ್ಯವಾಗಲಿಲ್ಲ. ಯೋಜನೆಯು ಒಂದೇ ಸರಕನ್ನು, ಒಂದೇ ದಿಕ್ಕಿನಲ್ಲಿ, ದೂರದ ಒಂದೇ ಪೇಟೆಯನ್ನು ನಂಬಿ ಎಣಿಕೆ ಹಾಕಿತು. ಉಪ್ಪು ಹೊತ್ತು ಮರಳುವ ಎತ್ತಿನ ಲೆಕ್ಕವು ಅದರಲ್ಲಿ ಸೇರಲಿಲ್ಲ. ಲಂಬಾಣಿಗೆ ತಿಳಿದಿದ್ದ ಸಮತೂಕವು ಲೆಕ್ಕಿಗರಿಗೆ ತಿಳಿಯಲಿಲ್ಲವೆಂದರೆ ಅತಿಶಯೋಕ್ತಿಯಾಗದು.

ಈ ವಿಷಯವು ಕೇವಲ ಹಳೆಯ ಕಾಲದ್ದಲ್ಲ. ಕಡಲ ಅಂಚಿನಲ್ಲಿ ಓಡುವ ಕೊಂಕಣ ರೈಲು 1998ರಲ್ಲಿ ಪೂರ್ಣವಾಯಿತು. ಹುಬ್ಬಳ್ಳಿ-ಅಂಕೋಲೆ ರೈಲಿಗೆ 1999ರಲ್ಲಿ ಅಡಿಗಲ್ಲು ಬಿದ್ದರೂ ಘಟ್ಟದಲ್ಲಿ ಇನ್ನೂ ಬಂಡಿ ಓಡಿಲ್ಲ. ಈಗ ಅಡ್ಡಿಯಾಗಿರುವುದು ವೆಚ್ಚ ಮಾತ್ರವಲ್ಲ. ಉಳಿದಿರುವ ಕಾಡಿನ ಬೆಲೆಯನ್ನು ಎಣಿಕೆಗೆ ಹಿಡಿಯಬೇಕೆಂಬ ವಾದವೂ ನ್ಯಾಯವಾಗಿಯೇ ಎದ್ದಿದೆ. ಬಳ್ಳಾರಿ, ಹೊಸಪೇಟೆಗಳ ಕಬ್ಬಿಣದ ಅದಿರು ಲಾರಿಗಳಲ್ಲಿ ಅರಬೈಲನ್ನಿಳಿದು ಕಾರವಾರ, ಬೇಲೆಕೇರಿ ರೇವುಗಳನ್ನು ಕೆಲವು ವರ್ಷ ತುಂಬಿತು. 2010ರಲ್ಲಿ ರಾಜ್ಯ ಸರಕಾರವು ಅದಿರಿನ ರಫ್ತನ್ನು ನಿಷೇಧಿಸಲು, ಆ ಸಂಭ್ರಮವೂ ನಿಂತಿತು. ಮತ್ತೆ ಒಂದೇ ಸರಕು, ಮತ್ತೆ ಒಂದೇ ದಿಕ್ಕು.

ರೇವಿನ ಚರಿತ್ರೆಯನ್ನು ರೇವಿನಲ್ಲಿ ಮಾತ್ರ ಹುಡುಕಬಾರದು. ಅದರ ಅರ್ಧವು ಘಟ್ಟದ ಮೇಲಿನ ಸಂತೆಗಳಲ್ಲಿಯೂ, ದಾರಿಯ ಬದಿಯ ಬೀಡುಗಳಲ್ಲಿಯೂ, ಹೇರು, ಅಂಡಿಗೆ ಎಂಬ ನಮ್ಮ ಮಾತುಗಳಲ್ಲಿಯೂ ಹುದುಗಿದೆ. ಕುಮಟೆಯ ಹತ್ತಿಯೆಂದು ಜಗತ್ತು ಕರೆದುದು ಧಾರವಾಡದ ರೈತನ ಬೆಳೆಯನ್ನೇ. ಈ ಎರಡು ಹೆಸರುಗಳನ್ನು ಕೂಡಿಸಿದ ದಾರಿಯನ್ನೂ, ಆ ದಾರಿಯಲ್ಲಿ ನಡೆದವರನ್ನೂ ಕುರಿತ ಸಾಮಗ್ರಿಯನ್ನು ಘಟ್ಟದ ಮೇಲಿನ ಮತ್ತು ಕೆಳಗಿನ ವಿದ್ವಾಂಸರು ಕೂಡಿಯೇ ಸಂಗ್ರಹಿಸಬೇಕೆಂದು ನಮ್ಮ ಪ್ರಾರ್ಥನೆ.