ಮೂರು ಕಾಲಿನ ಮೊಲ

ತಿಪಟೂರಿನಲ್ಲಿ ನಾವಿದ್ದ ಮನೆಗೆ ದೊಡ್ಡ ಹಿತ್ತಲಿತ್ತು. ಎರಡು ತೆಂಗಿನ ಮರ, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು. ನಮ್ಮ ಬೀದಿಯವರೊಬ್ಬರಿಗೆ ವರ್ಗವಾದಾಗ ತಾವು ಸಾಕಿದ್ದ ಜೋಡಿ ಬಿಳಿ ಮೊಲಗಳನ್ನು ನನ್ನ ಮಗಳ ಕೈಗಿತ್ತು ಹೋದರು. ಅವಳಾಗ ನಾಲ್ಕನೆಯ ತರಗತಿ. ನಮ್ಮ ಯಜಮಾನರು ಒಂದು ಭಾನುವಾರವೆಲ್ಲ ಕುಳಿತು ಒಗೆಯುವ ಕಲ್ಲಿನ ಪಕ್ಕದಲ್ಲಿ ಜಾಲರಿ ಕಟ್ಟಿ, ಮೇಲೆ ತೆಂಗಿನ ಗರಿ ಹೊದಿಸಿ, ಒಳಗೆ ಸೇಬಿನ ಹಣ್ಣಿನ ಹಳೆಯ ಮರದ ಪೆಟ್ಟಿಗೆಯೊಂದನ್ನು ಇಟ್ಟರು. ಗರಿಕೆ, ಹೂಕೋಸಿನ ಎಲೆ, ಕೊತ್ತಂಬರಿ ದಂಟು ಅವುಗಳ ಊಟ. ತರಕಾರಿ ಹೆಚ್ಚುವಾಗ ಅವುಗಳ ಪಾಲು ಎತ್ತಿಡುವುದು ನನಗೂ ಅಭ್ಯಾಸವಾಯಿತು.

ಒಂದು ದಿನ ಹೆಣ್ಣು ಮೊಲ ತನ್ನ ಹೊಟ್ಟೆಯ ರೋಮವನ್ನು ತಾನೇ ಕಿತ್ತು ಪೆಟ್ಟಿಗೆಯೊಳಗೆ ಹಾಸತೊಡಗಿತು. ಏನೋ ಕಾಯಿಲೆ ಎಂದು ನಾನು ಹೆದರಿದೆ. ಮಾರನೆಯ ಬೆಳಿಗ್ಗೆ ನೋಡಿದರೆ ಆ ರೋಮದ ಹಾಸಿಗೆಯಲ್ಲಿ ಆರು ಮರಿಗಳು! ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ, ಬೆರಳುದ್ದದ ಕೆಂಪು ಜೀವಗಳು. ಆದರೆ ತಾಯಿ? ಅದು ಮರಿಗಳ ಕಡೆ ತಿರುಗಿಯೂ ನೋಡದೆ ಮೂಲೆಯಲ್ಲಿ ಹುಲ್ಲು ಮೇಯುತ್ತಿತ್ತು. ಅಂದು ಸ್ಕೂಲಿಗೆ ರಜೆ. ದಿನವಿಡೀ ಹತ್ತು ಸಲ ಹೋಗಿ ನೋಡಿದೆ. ಒಮ್ಮೆಯೂ ಅದು ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ.

"ತಾಯಿ ಕೈಬಿಟ್ಟಿದೆ, ಮರಿಗಳು ಹಸಿದು ಸಾಯುತ್ತವೆ" ಎಂದೆ. ಅತ್ತೆಯವರು ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ, "ಹೆತ್ತದ್ದಕ್ಕೆ ಗೊತ್ತಿರುತ್ತೆ ಬಿಡಮ್ಮ. ಬಾಣಂತಿ ಕೋಣೆ ಬಾಗಿಲು ಹತ್ತು ಸಲ ತೆಗೀಬಾರದು" ಎಂದರು. ನಾನು ಬಿ.ಎ., ಬಿ.ಎಡ್. ಓದಿದವಳು. ಅವರ ಮಾತು ಕಿವಿಗೆ ಹೋಗಲಿಲ್ಲ. ಮರಿಗಳನ್ನು ಒಳಗೆ ತಂದು, ಹಸುವಿನ ಹಾಲಿಗೆ ನೀರು ಬೆರೆಸಿ ಇಂಕ್ ಫಿಲ್ಲರಿನಲ್ಲಿ ಬಾಯಿಗೆ ಬಿಟ್ಟೆ. ಬೆಳಗಾಗುವುದರೊಳಗೆ ಎರಡು ಸತ್ತವು. ಸಂಜೆಗೆ ಇನ್ನೆರಡು.

ಅಳುತ್ತಿದ್ದ ಮಗಳನ್ನು ಕರೆದುಕೊಂಡು ಪಶುವೈದ್ಯರಲ್ಲಿಗೆ ಓಡಿದೆ. ಅವರು ಬೈಯಲಿಲ್ಲ. "ಮೊಲ ದಿನಕ್ಕೆ ಒಂದೇ ಸಲ, ಮೂರು ನಾಲ್ಕು ನಿಮಿಷ ಮಾತ್ರ ಹಾಲು ಕೊಡುತ್ತದೆ, ಅದೂ ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ. ಉಳಿದ ಹೊತ್ತು ದೂರವಿರುವುದೇ ಅದರ ಕಾವಲು. ತಾನು ಹತ್ತಿರ ಸುಳಿದಾಡಿದರೆ ಶತ್ರುವಿಗೆ ಗೂಡಿನ ಸುಳಿವು ಸಿಗುತ್ತದೆ. ನೀವು ಬಿಟ್ಟ ಹಾಲು ಶ್ವಾಸಕೋಶಕ್ಕೆ ಹೋಗಿರಬೇಕು" ಎಂದರು. ಉಳಿದ ಎರಡನ್ನು ಗೂಡಿಗೆ ಸೇರಿಸಿದೆವು. ಮಾರನೆಯ ನಸುಕಿನಲ್ಲಿ ಅತ್ತೆಯವರು ನನ್ನನ್ನು ಎಬ್ಬಿಸಿ, ಮಾತಾಡಬೇಡವೆಂದು ಸನ್ನೆ ಮಾಡಿ ಹಿತ್ತಲ ಬಾಗಿಲಿಗೆ ಕರೆದೊಯ್ದರು. ಪೆಟ್ಟಿಗೆಯೊಳಗೆ ತಾಯಿ ಮರಿಗಳ ಮೇಲೆ ಬಾಗಿ ನಿಂತಿತ್ತು. ನಾಲ್ಕು ನಿಮಿಷವೂ ಆಗಿರಲಿಕ್ಕಿಲ್ಲ, ಹೊರಗೆ ಹಾರಿ ಏನೂ ಆಗದಂತೆ ಮೂಲೆ ಸೇರಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ಎಷ್ಟೋ ಸಲ ಮಕ್ಕಳಿಗೆ ವಿವರಿಸಿದ್ದೆ. ಅಂದು ಅದು ನನಗೇ ಅರ್ಥವಾಯಿತು.

ಆ ನೋವಿನಲ್ಲೇ ಮೊಲದ ಚರಿತ್ರೆಯನ್ನು ಹುಡುಕಿ ಓದತೊಡಗಿದೆ. ಮೊದಲು ತಿಳಿದದ್ದು, ನಾವು ಮೊಲ ಎಂಬ ಒಂದೇ ಹೆಸರಿನಲ್ಲಿ ಎರಡು ಪ್ರಾಣಿಗಳನ್ನು ಕರೆಯುತ್ತೇವೆ ಎಂಬುದು. ನಮ್ಮ ಹೊಲ, ಕುರುಚಲು ಕಾಡುಗಳಲ್ಲಿರುವ ಮೊಲ ಬಿಲ ತೋಡುವುದಿಲ್ಲ. ಅದರ ಮರಿ ರೋಮ ಹೊತ್ತು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಬೀಳಿಸಿದ್ದು, ಚಂದ್ರನಿಗೆ ಶಶಾಂಕ ಎಂದು ಹೆಸರು ಕೊಟ್ಟದ್ದು, ವಿಜಯನಗರದ ಕಥೆಯಲ್ಲಿ ಬೇಟೆನಾಯಿಗಳ ಮೇಲೆ ತಿರುಗಿಬಿದ್ದದ್ದು ಈ ನಮ್ಮ ಮೊಲವೇ. ಹಿತ್ತಲಲ್ಲಿ ಸಾಕುವ ಬಿಲದ ಮೊಲ ಬೇರೆ. ಅದರ ತವರು ದೂರದ ಸ್ಪೇನ್, ಪೋರ್ಚುಗಲ್ ಮತ್ತು ದಕ್ಷಿಣ ಫ್ರಾನ್ಸ್.

ಎರಡು ಸಾವಿರ ವರ್ಷಗಳ ಹಿಂದೆಯೇ ರೋಮನ್ನರು ಗೋಡೆ ಕಟ್ಟಿದ ಆವರಣಗಳಲ್ಲಿ ಮೊಲಗಳನ್ನು ಇಟ್ಟು ಊಟಕ್ಕೆ ಬಳಸುತ್ತಿದ್ದರು. ಕ್ರಿ.ಪೂ. ಮೊದಲನೆಯ ಶತಮಾನದ ವ್ಯಾರೋ ತನ್ನ ಕೃಷಿಗ್ರಂಥದಲ್ಲಿ ಸ್ಪೇನಿನ ಈ ಮೊಲವನ್ನು ಹೆಸರಿಸಿದ್ದಾನೆ. ಬಾಲಿಯಾರಿಕ್ ದ್ವೀಪಗಳಲ್ಲಿ ಮೊಲಗಳು ಹೆಚ್ಚಿ ಬೆಳೆ ಹಾಳುಮಾಡಿದಾಗ ಅಲ್ಲಿಯ ಜನ ಚಕ್ರವರ್ತಿ ಆಗಸ್ಟಸ್‌ನಲ್ಲಿ ಸೈನ್ಯದ ಸಹಾಯ ಬೇಡಿದರೆಂದು ಪ್ಲಿನಿ ಬರೆದಿದ್ದಾನೆ. ಮೊಲದ ಮೇಲೆ ಸೈನ್ಯವೇ ಎಂದು ನಗು ಬರಬಹುದು. ಬೆಳೆ ಕಳೆದುಕೊಂಡವರಿಗೆ ಅದು ನಗುವ ಮಾತಾಗಿರಲಿಲ್ಲ.

ಆ ತಾಯಿಮೊಲದ ಶಕ್ತಿಯನ್ನು ಪೋರ್ಟೊ ಸ್ಯಾಂಟೊ ದ್ವೀಪದ ಕಥೆ ಇನ್ನೂ ಚೆನ್ನಾಗಿ ಹೇಳುತ್ತದೆ. 15ನೆಯ ಶತಮಾನದಲ್ಲಿ ಪೋರ್ಚುಗೀಸರು ಅಲ್ಲಿ ನೆಲೆಸಲು ಹೊರಟಾಗ ಬಾರ್ತೊಲೊಮಿಯು ಪೆರೆಸ್ಟ್ರೆಲೊ ಎಂಬಾತ ಒಂದು ಗಬ್ಬದ ಮೊಲವನ್ನು ಒಯ್ದನಂತೆ. ಅದು ಹಡಗಿನಲ್ಲೇ ಮರಿ ಹಾಕಿತು. ತಾಯಿ ಮಕ್ಕಳನ್ನು ದ್ವೀಪದಲ್ಲಿ ಬಿಟ್ಟರು. ಕೆಲವೇ ಕಾಲದಲ್ಲಿ ಅವುಗಳ ಸಂತತಿ ಬಿತ್ತಿದ್ದನ್ನೆಲ್ಲ ತಿಂದು ಮುಗಿಸಿ, ಬಂದ ಜನ ದ್ವೀಪ ಬಿಡಬೇಕಾಯಿತು ಎಂದು ಅಂದಿನ ಚರಿತ್ರಕಾರರು ಬರೆದಿದ್ದಾರೆ. ಈ ಪೆರೆಸ್ಟ್ರೆಲೊನ ಮಗಳೇ ಮುಂದೆ ಕೊಲಂಬಸ್‌ನ ಹೆಂಡತಿಯಾದಳು.

ಆಸ್ಟ್ರೇಲಿಯಾದ ಕಥೆಯನ್ನು ನೀವೂ ಕೇಳಿರಬಹುದು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಬೇಟೆಯ ಮೋಜಿಗಾಗಿ ಇಂಗ್ಲೆಂಡಿನಿಂದ 24 ಮೊಲಗಳನ್ನು ವಿಕ್ಟೋರಿಯಾಕ್ಕೆ ತರಿಸಿದ. ಹಲವು ದಶಕಗಳಲ್ಲಿ ಅವು ಖಂಡದ ಬಹುಭಾಗಕ್ಕೆ ಹರಡಿದವು. 1901ರಿಂದ 1907ರವರೆಗೆ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸುಮಾರು 3,200 ಕಿಲೋಮೀಟರ್ ಬೇಲಿ ಹಾಕಿದರು. ಮೊಲಗಳು ಅದನ್ನೂ ದಾಟಿದವು. 1950ರಲ್ಲಿ ಅವುಗಳನ್ನು ಕೊಲ್ಲಲು ರೋಗವನ್ನೇ ಹಬ್ಬಿಸಿದರು. ಕರೆತಂದವನೂ ಮನುಷ್ಯ, ಕೊಂದವನೂ ಮನುಷ್ಯ. ನಡುವೆ ಮೊಲ ಮಾಡಿದ್ದು ತನಗೆ ಗೊತ್ತಿದ್ದ ಒಂದೇ ಕೆಲಸ: ರೋಮ ಕಿತ್ತು ಹಾಸಿ ಮರಿ ಸಾಕಿದ್ದು.

ಇನ್ನೊಂದು ಕಥೆಯನ್ನು ನಾನೇ ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ್ದೆ. ಕ್ರಿ.ಶ. 600ರಲ್ಲಿ ಪೋಪ್ ಗ್ರೆಗೊರಿ, ಹುಟ್ಟಿದ ಕೂಡಲೇ ಹಿಡಿದ ಮೊಲದ ಮರಿ ಮಾಂಸವಲ್ಲ, ಉಪವಾಸದಲ್ಲೂ ತಿನ್ನಬಹುದು ಎಂದು ಅಪ್ಪಣೆ ಕೊಟ್ಟರಂತೆ, ಆಗ ಫ್ರಾನ್ಸಿನ ಸನ್ಯಾಸಿಗಳು ಮಠಗಳಲ್ಲಿ ಮೊಲ ಸಾಕಲು ಹೊರಟು ಸಾಕುಮೊಲ ಹುಟ್ಟಿತಂತೆ. ಎಷ್ಟೋ ಪುಸ್ತಕಗಳಲ್ಲಿ ಹಾಗೇ ಇತ್ತು. 2018ರಲ್ಲಿ ಸಂಶೋಧಕರು ಮೂಲವನ್ನು ಕೆದಕಿದಾಗ ಅಂಥ ಅಪ್ಪಣೆಯೇ ಸಿಗಲಿಲ್ಲ. ಟೂರ್ಸ್ ಎಂಬ ಊರಿನ ಗ್ರೆಗೊರಿ ಎಂಬ ಬೇರೊಬ್ಬ ಧರ್ಮಾಧಿಕಾರಿ, ಉಪವಾಸದ ದಿನಗಳಲ್ಲಿ ಮೊಲದ ಮರಿ ತಿಂದ ಒಬ್ಬನ ವಿಷಯ ಬರೆದಿದ್ದ. ಹೆಸರು ಹೆಸರಿಗೆ ಬೆರೆತು ಕಥೆ ಬೆಳೆದಿತ್ತು. ಸಾಕುಮೊಲ ಒಂದು ದಿನ, ಒಂದು ಅಪ್ಪಣೆಯಿಂದ ಹುಟ್ಟಿದ್ದಲ್ಲ. ಶತಮಾನಗಳ ಕಾಲ ಆವರಣಗಳಲ್ಲಿ ನಿಧಾನವಾಗಿ ಪಳಗಿದ್ದು ಎಂದು ಅವರು ಬರೆದರು.

ಪಂಡಿತರ ಕೈಯಲ್ಲೂ ಮೂರು ಕಾಲಿನ ಮೊಲ ಇತ್ತೆಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತೆಂದರೆ ನೀವು ನಗಬಹುದು. ಆದರೆ ಅವರ ತಪ್ಪಿನಿಂದ ಯಾವ ಜೀವವೂ ಹೋಗಲಿಲ್ಲ. ಅದನ್ನು ಓದಿದ ಮೇಲೆ ತರಗತಿಗೆ ಹೋಗಿ, "ಮಕ್ಕಳೇ, ನಾನು ಇಷ್ಟು ವರ್ಷ ತಪ್ಪು ಹೇಳಿದ್ದೆ" ಎಂದೆ. "ಟೀಚರಿಗೂ ತಪ್ಪಾಗುತ್ತಾ ಮಿಸ್?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು. ನಾನು ಅವಳಿಗೆ ಆ ಆರು ಮರಿಗಳ ಕಥೆ ಹೇಳಿದೆ.

ಉಳಿದ ಎರಡು ಮರಿಗಳು ಹತ್ತು ದಿನಕ್ಕೆ ಕಣ್ಣು ಬಿಟ್ಟವು. ಮೂರನೆಯ ವಾರದಲ್ಲಿ ಪೆಟ್ಟಿಗೆಯಿಂದ ಹೊರಗೆ ಹಾರಿ ತಾಯಿಯ ಜೊತೆ ಗರಿಕೆ ಕಚ್ಚಿದವು. ಅತ್ತೆಯವರು ಅಂದು ನನಗೆ "ನಾನು ಹೇಳಿರಲಿಲ್ಲವೇ" ಎನ್ನಬಹುದಿತ್ತು. ಅನ್ನಲಿಲ್ಲ. ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದವರು ದಂಟನ್ನೆಲ್ಲ ಒಂದು ತಟ್ಟೆಗೆ ಹಾಕಿ, "ತಗೋ, ನಿನ್ನ ಮಕ್ಕಳಿಗೆ ಕೊಟ್ಟು ಬಾ" ಎಂದರು.