ನೀಲಗಿರಿಯ ಚಿಟ್ಟೆಗಳು: ಎತ್ತರವಾರು ಅಧ್ಯಯನದ ಇತಿಹಾಸ

ಮೆಟ್ಟುಪಾಳ್ಯದ ಬಯಲಿನಿಂದ 2,637 ಮೀಟರ್ ಎತ್ತರದ ದೊಡ್ಡಬೆಟ್ಟಕ್ಕೆ ಏರುವವರು ಕುರುಚಲು ಕಾಡು, ಎಲೆ ಉದುರುವ ಕಾಡು, ದಟ್ಟ ಹಸಿರು ಕಾಡುಗಳನ್ನು ದಾಟಿ ಶೋಲಾ ಎಂಬ ಮೇಲ್ಮಲೆಯ ಕಾಡು ಮತ್ತು ಹುಲ್ಲುಗಾವಲು ಮುಟ್ಟುತ್ತಾರೆ. ಕಾಡು ಬದಲಾದಂತೆ ಚಿಟ್ಟೆಗಳೂ ಬದಲಾಗುತ್ತವೆ. ಪಶ್ಚಿಮ ಘಟ್ಟದಲ್ಲಿ ದಾಖಲಾದ 330ಕ್ಕೂ ಹೆಚ್ಚು ಪ್ರಭೇದಗಳಲ್ಲಿ ಬಹುಪಾಲು ತಪ್ಪಲು ಮತ್ತು ನಡುಮಲೆಗಳವು. ನೆತ್ತಿಯಲ್ಲಿ ಇರುವವು ಕೆಲವೇ. ಸಂಗ್ರಾಹಕರನ್ನು ಹೆಚ್ಚು ಕಾಡಿದ್ದು ಮಾತ್ರ ನೆತ್ತಿಯವು.

ಅಲ್ಲಿನ ಹುಲ್ಲುಗಾವಲಿನ ಹಳದಿ ಚಿಟ್ಟೆ ‘ನೀಲಗಿರಿ ಕ್ಲೌಡೆಡ್ ಯೆಲ್ಲೋ’ವನ್ನು 1859ರಲ್ಲಿ ಹೆಸರಿಸಿದವರು ಆಸ್ಟ್ರಿಯಾದ ಫೆಲ್ಡರ್ ತಂದೆ–ಮಗ. ತಂದೆ ಕಾಯೆಟಾನ್ ಮುಂದೆ ವಿಯೆನ್ನಾದ ಮೇಯರ್ ಆದರು. ಈ ಚಿಟ್ಟೆಯ ಬಳಗ ತಂಪುನಾಡಿನದು. ಹಿಮಾಲಯದಲ್ಲಿದೆ, ದಖ್ಖನಿನ ಬಯಲಿನಲ್ಲಿಲ್ಲ. ಹಿಮಯುಗದ ಚಳಿಯಲ್ಲಿ ದಕ್ಷಿಣಕ್ಕೆ ಹರಡಿದ್ದ ಜೀವಿಗಳು ಸೆಕೆ ಮರಳಿದಾಗ ಬೆಟ್ಟದ ತಲೆಗಳಲ್ಲಿ ಸಿಕ್ಕಿಕೊಂಡವು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ.

ನೀಲಗಿರಿಯ ಚಿಟ್ಟೆಗಳ ಪಟ್ಟಿಯನ್ನು 1888ರಲ್ಲಿ ಪ್ರಕಟಿಸಿದವರು ಅಲ್ಲಿ ಚಹಾ ಬೆಳೆಯುತ್ತಿದ್ದ ಜಾರ್ಜ್ ಹ್ಯಾಂಪ್ಸನ್. 1940ರ ದಶಕದಲ್ಲಿ ಶಾಲಾ ಶಿಕ್ಷಕ ವಿಂಟರ್-ಬ್ಲೈತ್, 1980ರ ದಶಕದಲ್ಲಿ ಡೆನ್ಮಾರ್ಕಿನ ಟಾರ್ಬೆನ್ ಲಾರ್ಸೆನ್ ಅದೇ ಬೆಟ್ಟಗಳ ಬಗ್ಗೆ ಮತ್ತೆ ಬರೆದರು. ಹಳೆಯ ಸಂಗ್ರಹಗಳೊಂದಿಗೆ ಒಂದು ತೊಡಕಿದೆ: ಸೂಜಿಗೆ ಚುಚ್ಚಿದ ಚೀಟಿಯಲ್ಲಿ ಎಷ್ಟೋ ಸಲ ‘ನೀಲಗಿರಿ’ ಎಂದಷ್ಟೇ ಇರುತ್ತದೆ. ಅದು ತಪ್ಪಲೂ ಆಗಬಹುದು, ಊಟಿಯೂ ಆಗಬಹುದು.

ಯಾವ ಚಿಟ್ಟೆ ಎಲ್ಲಿಯವರೆಗೆ ಏರುತ್ತದೆ ಎಂಬುದಕ್ಕೆ ಬರೀ ಚಳಿ ಕಾರಣವಲ್ಲ. ಮರಿಹುಳುವಿನ ಮೇವೂ ಬೇಕು. ಈ ತಿಳಿವಳಿಕೆಗೆ ಅಡಿಪಾಯ ಬಿದ್ದದ್ದು ಘಟ್ಟದ ಇನ್ನೊಂದು ಕಡೆ, ಉತ್ತರ ಕನ್ನಡದಲ್ಲಿ. ಅಲ್ಲಿನ ಮೂವರು ಸರ್ಕಾರಿ ಅಧಿಕಾರಿಗಳಾದ ಡೇವಿಡ್‌ಸನ್, ಬೆಲ್ ಮತ್ತು ಐಟ್ಕೆನ್ ಹುಳುಗಳನ್ನು ಸಾಕಿ, ಅವು ತಿನ್ನುವ ಗಿಡಗಳನ್ನು ಗುರುತಿಸಿ, 1896ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಟ್ಟಿಗಳಿಗಿಂತ ಈ ಕೆಲಸವೇ ದೊಡ್ಡದು, ಏಕೆಂದರೆ ಮೇವಿನ ಗಿಡವಿಲ್ಲದ ಕಡೆ ಚಿಟ್ಟೆ ನೆಲೆಸದು. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಈಶ್ವರಿ ಬಳ್ಳಿಯ ಬಳಗವನ್ನು ಬಿಟ್ಟು ಬೇರೆಡೆ ಮೊಟ್ಟೆ ಇಡದು; ಮೇಲ್ಮಲೆಯ ಇಂಡಿಯನ್ ರೆಡ್ ಅಡ್ಮಿರಲ್‌ನ ಹುಳುವಿಗೆ ಬೇಕಾದ್ದು ತುರಿಕೆ ಗಿಡ.

ಚಹಾ, ನೀಲಗಿರಿ ಮರ ಮತ್ತು ವ್ಯಾಟಲ್ ನೆಡುತೋಪುಗಳು ನೆತ್ತಿಯ ಹುಲ್ಲುಗಾವಲಿನ ದೊಡ್ಡ ಪಾಲನ್ನು ನುಂಗಿವೆ. ಹೀಗಾಗಿ ಯಾವ ಚಿಟ್ಟೆ ಎಲ್ಲಿ ಉಳಿದಿದೆ ಎಂಬ ದಾಖಲೆ ಮುಖ್ಯವಾಗಿದೆ. ಬೆಂಗಳೂರಿನ ಕೃಷ್ಣಮೇಘ್ ಕುಂಟೆ ಮತ್ತು ಸಂಗಡಿಗರು ನಡೆಸುವ ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ ಜಾಲತಾಣಕ್ಕೆ ಈಗ ಹವ್ಯಾಸಿಗಳು ಕಳಿಸುವ ಚಿತ್ರಗಳ ಜೊತೆ, ಹಳೆಯ ಚೀಟಿಗಳಲ್ಲಿ ಇಲ್ಲದ ವಿವರ, ಅಂದರೆ ನಿಖರವಾದ ಜಾಗ ಮತ್ತು ದಿನಾಂಕ, ಸೇರುತ್ತಿದೆ.