ಗದ್ದೆಗಿಳಿದ ಟಿಲ್ಲರಿನ ಪೂರ್ವೋತ್ತರ

ಹಳೆಯದನ್ನು ಕೂಡಿಟ್ಟು ಕಾಪಾಡುವ ಕಾರ್ಯದಲ್ಲಿ ನಮ್ಮ ಕರಾವಳಿಯ ಜನ ಹಿಂದೆ ಬಿದ್ದವರೆಂದು ಯಾರೂ ಹೇಳುವಂತಿಲ್ಲ. ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದ ವಿಜಯನಾಥ ಶೆಣೈಯವರು, ಕೆಡಹಿ ಮರವನ್ನು ಮಾರಿಬಿಡುವುದೆಂದು ಒಡೆಯರೇ ನಿಶ್ಚಯಿಸಿದ್ದ ಮನೆಗಳನ್ನು ಕಂಬ ಕಂಬವಾಗಿ, ತೊಲೆ ತೊಲೆಯಾಗಿ ಬಿಚ್ಚಿಸಿ, ಮಣಿಪಾಲದ ಗುಡ್ಡಕ್ಕೆ ಸಾಗಿಸಿ, ಅಲ್ಲಿ ಮೊದಲಿದ್ದಂತೆಯೇ ಮತ್ತೆ ಎಬ್ಬಿಸಿ ನಿಲ್ಲಿಸಿದ ಸಾಹಸವು, ಅವರು 2017ರಲ್ಲಿ ತೀರಿಕೊಂಡ ಮೇಲೂ, ಹಸ್ತಶಿಲ್ಪದ ಹೆರಿಟೇಜ್ ವಿಲೇಜಿನಲ್ಲಿ ಪ್ರತ್ಯಕ್ಷವಾಗಿ ಉಳಿದಿದೆ. ಕಾರ್ಕಳದ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೋದ ಯಾತ್ರಿಕರು ದೇವರ ದರ್ಶನವಾದ ತರುವಾಯ ಮಂಜೂಷಾ ವಸ್ತುಸಂಗ್ರಹಾಲಯವನ್ನೂ ಹಳೆಯ ಮೋಟಾರು ಕಾರುಗಳ ಸಾಲನ್ನೂ ನೋಡಿಯೇ ಹಿಂದಿರುಗುವುದು ವಾಡಿಕೆ. ಇನ್ನು ನೇಗಿಲು, ನೊಗ, ಹಲಗೆ, ಕಳಸಿಗೆ ಮೊದಲಾದ ಬೇಸಾಯದ ಸಾಮಗ್ರಿಗಳಂತೂ ವಾರ್ನಿಷಿನ ಅಭಿಷೇಕ ಮಾಡಿಸಿಕೊಂಡು ಹೋಟೆಲುಗಳ ಪಡಸಾಲೆಯ ಗೋಡೆಗಳನ್ನು ಏರಿ ಕುಳಿತಿವೆ. ಇಷ್ಟೆಲ್ಲ ಆದರದ ನಡುವೆ, ಆ ನೇಗಿಲನ್ನು ಗದ್ದೆಯಿಂದ ಗೋಡೆಗೆ ಏರಿಸಿದ ಯಂತ್ರವನ್ನು, ಎಂದರೆ ಜನ ಬಾಯಿತುಂಬ ಟಿಲ್ಲರ್ ಎಂದು ಕರೆಯುವ ಎರಡು ಚಕ್ರದ ಉಳುವ ಯಂತ್ರವನ್ನು, ಇದೇ ಗೌರವದಿಂದ ಕೂಡಿಟ್ಟವರನ್ನು ಮಾತ್ರ ನಾನು ಉಡುಪಿಯ ಸೀಮೆಯಲ್ಲಿ ಕಂಡಿಲ್ಲ.

ಅನ್ಯದೇಶಗಳಲ್ಲಿ ಈ ಕುಲದ ಯಂತ್ರಗಳ ಭಾಗ್ಯ ಬೇರೆಯೇ ಆಗಿದೆ. ಪಶ್ಚಿಮ ವರ್ಜೀನಿಯಾದಲ್ಲಿ ಛಾಯಾಚಿತ್ರದ ಉದ್ಯಮ ನಡೆಸುತ್ತಿದ್ದ ಬೆಂಜಮಿನ್ ಗ್ರೇವ್ಲಿ ಎಂಬಾತನು 1916ರಲ್ಲಿ ಪೇಟೆಂಟ್ ಪಡೆದ ಕೈಮೋಟಾರಿನ ನೇಗಿಲು ಮೊದಲುಗೊಂಡು, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪೆನಿ 1961ರಲ್ಲಿ ಹೊರತಂದ ಕಬ್ ಕೆಡೆಟ್ ವರೆಗೆ, ಹಿತ್ತಿಲು ತೋಟಗಳಿಗೆಂದು ಹುಟ್ಟಿದ ಪುಟ್ಟ ಟ್ರಾಕ್ಟರುಗಳನ್ನೆಲ್ಲ ಅಮೆರಿಕದ ಗೃಹಸ್ಥರು ಹುಡುಕಿ ತಂದು, ಕೊನೆಯ ಬೋಲ್ಟಿನವರೆಗೆ ಬಿಚ್ಚಿ, ತುಕ್ಕು ಕೆರೆದು, ಕಾರ್ಖಾನೆಯಿಂದ ಬಂದ ದಿನದ ಬಣ್ಣವನ್ನೇ ಬಳಿದು ಮೆರವಣಿಗೆ ಮಾಡಿಸುತ್ತಾರೆ. ಅವರ ಯಂತ್ರ ವಿರಾಮದ ಸಂತಾನ, ನಮ್ಮದು ಅಗತ್ಯದ ಸಂತಾನ. ಈ ಭೇದವನ್ನು ಮರೆಯಲಾಗದು. ಆದರೂ ಎರಡಕ್ಕೂ ಹತ್ತಿರದ ನಂಟು ಇರುವುದರಿಂದ, ನಮ್ಮ ಟಿಲ್ಲರಿನ ವಂಶವೃಕ್ಷವನ್ನು ಬುಡದಿಂದ ನೋಡುವುದು ಯುಕ್ತ.

ಆ ಬುಡ ಇರುವುದು, ಕರಾವಳಿಯವರಿಗೆ ಚಿರಪರಿಚಿತವಾದ ಹೆಸರಿನ ಒಂದು ಪಟ್ಟಣದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದಿಳಿದು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದು, ಮುಳಿಹುಲ್ಲಿನ ಮಾಡುಗಳ ನಾಡಿಗೆ ಕೆಂಪು ಹಂಚನ್ನು ಹೊದಿಸಿದ ಮಿಶನರಿಗಳನ್ನು ಕಳುಹಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್. ಅದೇ ಬಾಸೆಲ್‌ನ ಕೊನ್ರಾಡ್ ಫಾನ್ ಮೆಯೆನ್‌ಬುರ್ಗ್ ಎಂಬ ಯಂತ್ರಶಿಲ್ಪಿಯು, ನೇಗಿಲು ಮಣ್ಣನ್ನು ಸೀಳಿ ಮಗುಚುವುದರ ಬದಲು, ತಿರುಗುವ ಅಚ್ಚಿಗೆ ಕಟ್ಟಿದ ಕೊಕ್ಕೆಗಳಿಂದ ಅದನ್ನು ಕೆದಕಿ ಪುಡಿಗೈಯುವ ಉಪಾಯವನ್ನು 1910ರ ಆಸುಪಾಸಿನಲ್ಲಿ ಕಂಡುಹಿಡಿದನು. ಮಿಶನಿಗೂ ಈತನಿಗೂ ಯಾವ ಸಂಬಂಧವೂ ಇಲ್ಲ. ಆದರೂ ನಮ್ಮ ಮನೆಯ ಮಾಡು, ನಮ್ಮ ಗದ್ದೆಯ ಉಳುಮೆ ಎರಡನ್ನೂ ಬದಲಿಸಿದ ಕಲ್ಪನೆಗಳು ಒಂದೇ ಊರಿನಿಂದ ಹೊರಟು, ಒಂದು ನೇರವಾಗಿಯೂ ಇನ್ನೊಂದು ಅರ್ಧ ಭೂಮಂಡಲವನ್ನು ಸುತ್ತಿಯೂ ನಮ್ಮಲ್ಲಿಗೆ ಬಂದುವೆಂಬುದು ನನಗೆ ಕೌತುಕದ ಸಂಗತಿಯಾಗಿಯೇ ಉಳಿದಿದೆ. ಜರ್ಮನಿಯ ಸೀಮೆನ್ಸ್ ಸಂಸ್ಥೆ ಈ ಉಪಾಯವನ್ನು ಕೊಂಡು ಯಂತ್ರ ತಯಾರಿಸಿತು. ಸ್ವಿಟ್ಜರ್ಲೆಂಡಿನ ಸಿಮಾರ್ ಯಂತ್ರಗಳು 1920ರ ದಶಕದಲ್ಲಿ ಜಪಾನಿಗೆ ಹೋದುವು. ಅದೇ ಕಾಲಕ್ಕೆ ಆಸ್ಟ್ರೇಲಿಯಾದಲ್ಲಿ ಆರ್ಥರ್ ಕ್ಲಿಫರ್ಡ್ ಹೊವಾರ್ಡ್ ಎಂಬ ರೈತನ ಮಗ ತನ್ನದೇ ಪ್ರಯೋಗಗಳಿಂದ ರೋಟವೇಟರನ್ನು ರೂಪಿಸಿ, 1922ರಲ್ಲಿ ಕಂಪೆನಿ ಕಟ್ಟಿದನು. ಒಣನೆಲಕ್ಕೆಂದು ಹುಟ್ಟಿದ ಈ ಯಂತ್ರಕ್ಕೆ ಕೆಸರಿನ ದೀಕ್ಷೆ ಕೊಟ್ಟವರು ಜಪಾನೀಯರು. ಅಂಗೈಯಗಲದ ಭತ್ತದ ಗದ್ದೆಗಳಲ್ಲಿ ಎರಡನೆಯ ಮಹಾಯುದ್ಧದ ಅನಂತರ ಅದು ಮನೆಮನೆಗೂ ಹಬ್ಬಿತು.

ನಮ್ಮ ದೇಶಕ್ಕೆ ಜಪಾನಿನ ಯಂತ್ರಕ್ಕಿಂತ ಮೊದಲು ಬಂದದ್ದು ಜಪಾನಿನ ಬೇಸಾಯಪದ್ಧತಿ. ಸಾಲು ಹಿಡಿದು ನೇಜಿ ನೆಡಬೇಕು, ಗೊಬ್ಬರ ಲೆಕ್ಕವಿಟ್ಟು ಹಾಕಬೇಕು ಎಂಬ ಪ್ರಚಾರವನ್ನು ಸರಕಾರ 1953ರಲ್ಲಿ ಆರಂಭಿಸಿತು. ಪವರ್ ಟಿಲ್ಲರ್ ಭಾರತವನ್ನು ಪ್ರವೇಶಿಸಿದ್ದು 1963ರಲ್ಲಿ ಎಂದು ಕೃಷಿಯಂತ್ರಗಳ ಪಠ್ಯಪುಸ್ತಕಗಳು ಹೇಳುತ್ತವೆ. 1967ರಲ್ಲಿ ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿಯೊಡನೆ ಕೂಡಿ ಟಿಲ್ಲರುಗಳ ಕಂಪೆನಿಯನ್ನು ಸ್ಥಾಪಿಸಿತು. 1973ರಲ್ಲಿ ಕೇರಳ ಸರಕಾರ ಕಾಮ್ಕೊ ಎಂಬ ಸಂಸ್ಥೆಯನ್ನು ಹುಟ್ಟುಹಾಕಿ ಕುಬೋಟಾ ಮಾದರಿಯ ಯಂತ್ರಗಳನ್ನು ತಯಾರಿಸತೊಡಗಿತು. ಮೂಡಣದಿಂದ ಒಂದು, ತೆಂಕಣದಿಂದ ಒಂದು, ಹೀಗೆ ಎರಡು ದಿಕ್ಕುಗಳಿಂದ ಟಿಲ್ಲರ್ ನಮ್ಮ ಜಿಲ್ಲೆಯ ಬಾಗಿಲಿಗೆ ಬಂದು ನಿಂತಿತು.

ಬಾಗಿಲು ತೆರೆಯುವುದಕ್ಕೆ ಮಾತ್ರ ಬೇರೆ ಕಾರಣಗಳು ಒದಗಬೇಕಾಯಿತು. ಕಾಪುವಿನ ಕಡಲ ಬದಿಯಿಂದ ಕಾರ್ಕಳದ ಘಟ್ಟದ ಬುಡದವರೆಗೆ ನಮ್ಮ ಭೂಮಿ ಒಂದೇ ಸಮನಾದ ಹಾಸಲ್ಲ. ಮೇಲೆ ಮಳೆಯನ್ನೇ ನಂಬಿದ ಬೆಟ್ಟುಗದ್ದೆ, ನಡುವೆ ಮಜಲು, ತಗ್ಗಿನಲ್ಲಿ ಏಣೆಲು, ಸುಗ್ಗಿ, ಕೊಳಕೆಯೆಂಬ ಮೂರು ಬೆಳೆಗಳನ್ನೂ ಕೊಡಬಲ್ಲ ಬೈಲು. ಪ್ರತಿಯೊಂದಕ್ಕೂ ಸುತ್ತ ಹುಣಿ, ಒಂದಕ್ಕೂ ಇನ್ನೊಂದಕ್ಕೂ ಮೊಳಕಾಲೆತ್ತರದ ಅಂತರ. ಇಂಥ ನೆಲಕ್ಕೆ ನಾಲ್ಕು ಚಕ್ರದ ದೊಡ್ಡ ಟ್ರಾಕ್ಟರು ಇಳಿಯುವುದೇ ಕಷ್ಟ. ಇಳಿದರೂ ತಿರುಗಲು ಎಡೆಯಿಲ್ಲ. ಆದುದರಿಂದ ಅನ್ಯತ್ರ ಟ್ರಾಕ್ಟರು ಬಂದು ಎಷ್ಟೋ ಕಾಲವಾದ ಮೇಲೂ ಇಲ್ಲಿ ಕೋಣಗಳೂ ಎತ್ತುಗಳೂ ಕೆಸರನ್ನು ತುಳಿಯುತ್ತಲೇ ಇದ್ದುವು. ಕಟಪಾಡಿ, ಮಿಯ್ಯಾರುಗಳ ಕಂಬಳಗಳಲ್ಲಿ ಇಂದು ಬರಿಯ ಓಟವಾಗಿ ಕಾಣುವುದು ಮೂಲದಲ್ಲಿ ಆ ಉಳುಮೆಯ ಹಬ್ಬವೇ ಆಗಿತ್ತು.

ಈ ಸ್ಥಿತಿಯನ್ನು ಕದಲಿಸಿದ್ದು ಯಂತ್ರವಲ್ಲ, ಕಾನೂನು. ಹಿಂದೆ ಗದ್ದೆ ಉಳುವವನೊಬ್ಬ, ಗೇಣಿಯ ಅಕ್ಕಿಮುಡಿ ಅಳೆಸಿಕೊಳ್ಳುವವನೊಬ್ಬ; ಶಿವರಾಮ ಕಾರಂತರ 1933ರ ‘ಚೋಮನ ದುಡಿ’ಯ ಚೋಮನಿಗಾದರೋ ಎತ್ತುಗಳಿದ್ದೂ ಉಳುವುದಕ್ಕೆ ನೆಲವೇ ಇಲ್ಲ. 1974ರ ಮಾರ್ಚಿಯಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದಾಗಿ, ತಾವು ಗೇಣಿಗೆ ಉಳುವವರೆಂದು ಡಿಕ್ಲರೇಶನ್ ಕೊಟ್ಟ ಗೇಣಿದಾರರು ತಾವು ಉಳುತ್ತಿದ್ದ ಚೂರು ಚೂರು ಭೂಮಿಗೆ ಒಡೆಯರಾದರು. ಒಡೆತನದೊಡನೆ ಪಹಣಿ ಬಂದಿತು. ಪಹಣಿ ಕೈಗೆ ಬಂದುದರಿಂದ ಬ್ಯಾಂಕಿನ ಮೆಟ್ಟಿಲೇರಿ ಅಡವಿಗೆ ಇಡುವುದಕ್ಕೆ ಒಂದು ಕಾಗದವಾಯಿತು. ಆ ಮೆಟ್ಟಿಲು ಇಲ್ಲಿಯವರಿಗೆ ದೂರವೂ ಇರಲಿಲ್ಲ: 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 1928ರಿಂದ ಪಿಗ್ಮಿಯ ಚಿಲ್ಲರೆ ಹಣವನ್ನು ಮನೆಮನೆಯಿಂದ ಕೂಡಿಸಿ ಬೆಳೆದು, ಮಣಿಪಾಲದಲ್ಲಿ ಪ್ರಧಾನ ಕಚೇರಿಯನ್ನು ಕಟ್ಟಿದ ಸಿಂಡಿಕೇಟ್ ಬ್ಯಾಂಕು 1969ರಲ್ಲಿ ರಾಷ್ಟ್ರೀಕೃತವಾಗುವ ಮುನ್ನವೇ ರೈತರಿಗೆ ಸಾಲ ಕೊಡುವುದರಲ್ಲಿ ಹೆಸರಾಗಿತ್ತು. ಇತ್ತ ಮನೆಯ ಗಂಡಸರು ಮೊದಲು ಮುಂಬಯಿಯ ಹೋಟೆಲುಗಳಿಗೆ, ತರುವಾಯ ಕೊಲ್ಲಿ ದೇಶಗಳಿಗೆ ನಡೆದುದರಿಂದ, ಹಟ್ಟಿಯಲ್ಲಿ ಕೋಣ ಸಾಕುವುದಕ್ಕೂ ಮಳೆಯಲ್ಲಿ ನೇಗಿಲು ಹಿಡಿಯುವುದಕ್ಕೂ ಜನವಿಲ್ಲದಾಯಿತು. ಒಡೆತನ, ಸಾಲ, ಆಳಿನ ಅಭಾವ, ಈ ಮೂರೂ ಒಂದೇ ಕಾಲದಲ್ಲಿ ಕೂಡಿಕೊಂಡಾಗ ಟಿಲ್ಲರ್ ಗದ್ದೆಗೆ ಇಳಿಯಿತು. ಕೊಳ್ಳಲಾರದವರು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕರೆಸಿಕೊಂಡರು. ಹೀಗೆ ಊರಿಗೊಬ್ಬ ‘ಟಿಲ್ಲರಿನವ’ ಎಂಬ ಹೊಸ ಕಸುಬಿನವನು ಹುಟ್ಟಿದನು. ಕಾರ್ತೆಲ್ ತಿಂಗಳು ಬಂತೆಂದರೆ ಊರಿನ ಗುರಿಕಾರನಿಗೂ ಇಲ್ಲದ ಮರ್ಯಾದೆ ಅವನಿಗೆ ಸಲ್ಲುತ್ತಿತ್ತು. ನಸುಕಿನಲ್ಲೇ ಅವನ ಅಂಗಳದಲ್ಲಿ ನಾಲ್ಕು ಮನೆಗಳವರು ನಿಂತು, ‘ಅಣ್ಣಾ, ಇವತ್ತು ನಮ್ಮಲ್ಲಿಗೆ ಬಾ’ ಎಂದು ಅಂಗಲಾಚುತ್ತಿದ್ದರು.

ಈ ಕಸುಬು ಸುಲಭದ್ದೆಂದು ದಂಡೆಯ ಮೇಲೆ ನಿಂತವರಿಗೆ ಮಾತ್ರ ತೋರುತ್ತದೆ. ನಾಲ್ಕು ಕ್ವಿಂಟಾಲಿನಷ್ಟು ಭಾರವಾದ, ಒಂದೇ ಸಿಲಿಂಡರಿನ ಡೀಸೆಲ್ ಇಂಜಿನನ್ನು ಮೂಗಿನ ಮೇಲೆ ಹೊತ್ತ ಈ ಯಂತ್ರವನ್ನು ಎಬ್ಬಿಸಬೇಕಾದರೆ, ಎಡಗೈಯಿಂದ ಡಿಕಂಪ್ರೆಶನ್ ಲಿವರನ್ನು ಒತ್ತಿ ಹಿಡಿದು, ಬಲಗೈಯಿಂದ ಹ್ಯಾಂಡಲನ್ನು ವೇಗ ಹಿಡಿಯುವ ತನಕ ತಿರುಗಿಸಿ, ತಕ್ಕ ಕ್ಷಣದಲ್ಲಿ ಲಿವರನ್ನು ಬಿಡಬೇಕು. ಹ್ಯಾಂಡಲು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕಲ್ಲದೆ ಅದನ್ನು ಸುತ್ತಿ ಹಿಡಿಯಕೂಡದು, ಏಕೆಂದರೆ ಇಂಜಿನು ಹಿಂದಕ್ಕೆ ಒದೆದರೆ ಮಣಿಕಟ್ಟು ಮುರಿಯುತ್ತದೆ. ತಿರುಗಿಸುವುದಕ್ಕೆ ಸ್ಟಿಯರಿಂಗ್ ಚಕ್ರವಿಲ್ಲ, ಎರಡು ಹಿಡಿಗಳ ಅಡಿಯಲ್ಲಿ ಒಂದೊಂದು ಕ್ಲಚ್ಚು. ಎಡದ್ದನ್ನು ಹಿಸುಕಿದರೆ ಎಡಚಕ್ರಕ್ಕೆ ಶಕ್ತಿ ನಿಂತು ಯಂತ್ರ ಎಡಕ್ಕೆ ಹೊರಳುತ್ತದೆ. ಆದರೆ ಇಳಿಜಾರಿನಲ್ಲಿ ಈ ನಿಯಮ ತಲೆಕೆಳಗು! ಅಲ್ಲಿ ಇಂಜಿನು ತಡೆಹಿಡಿದಿದ್ದ ಎಡಚಕ್ರ ಬಿಡುಗಡೆಗೊಂಡು ಮುಂದೆ ಓಡುವುದರಿಂದ ಯಂತ್ರ ಬಲಕ್ಕೆ ನುಗ್ಗುತ್ತದೆ. ಬೆಟ್ಟುಗದ್ದೆಯಿಂದ ಮಜಲಿಗೆ ಇಳಿಸುವಾಗ ಇದನ್ನು ಮರೆತವನು ಟಿಲ್ಲರ್ ಸಮೇತ ಕೆಳಗಿನ ಗದ್ದೆಯಲ್ಲಿ ಕಾಣಿಸಿಕೊಳ್ಳುತ್ತಾನೆ. ಕೆಸರಿಗೆ ಕಬ್ಬಿಣದ ಕೇಜ್‌ವೀಲ್, ರಸ್ತೆಗೆ ರಬ್ಬರಿನ ಟಯರ್. ಮಳೆಯಲ್ಲಿ ನೆನೆಯುತ್ತ ಇವೆರಡನ್ನು ಬದಲಿಸುವುದರಲ್ಲೇ ದಿನದ ಒಂದು ಪಾಲು ಕಳೆಯುತ್ತಿತ್ತು. ಬೇಸಗೆಯಲ್ಲಿ ಮಣ್ಣು ಕೆದಕುವ ರೋಟರಿಯನ್ನು ಕಳಚಿ ಟ್ರೇಲರ್ ಕಟ್ಟಿದರಾಯಿತು, ಅದೇ ಯಂತ್ರ ಮುರಕಲ್ಲು, ಸೊಪ್ಪು, ಹಟ್ಟಿಗೊಬ್ಬರಗಳನ್ನು ಹೇರಿಕೊಂಡು ಟುಕುಟುಕು ಎಂದು ಗುಡ್ಡ ಹತ್ತುತ್ತಿತ್ತು.

ಇಷ್ಟು ದುಡಿದ ಯಂತ್ರದ ದುರಸ್ತಿಯ ಶಾಸ್ತ್ರ ಬೆಳೆದದ್ದು ಪೇಟೆಯ ಅಂಚಿನ ಗ್ಯಾರೇಜುಗಳಲ್ಲಿ. ಮಣಿಪಾಲದಲ್ಲಿ 1957ರಲ್ಲೇ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಗಿದ್ದಿತಾದರೂ, ಟಿಲ್ಲರಿನ ವೈದ್ಯರು ಅಲ್ಲಿಂದ ಬಂದವರಲ್ಲ. ಬಸ್ಸುಗಳ ಕೆಳಗೆ ಮಲಗಿ, ಮಲ್ಪೆಯ ದೋಣಿಗಳ ಇಂಜಿನು ಬಿಚ್ಚಿ, ಡೀಸೆಲಿನ ವಾಸನೆಯಲ್ಲೇ ವಿದ್ಯೆ ಕಲಿತವರು ಅವರು. ಕರಾವಳಿಯಲ್ಲಿ ಟಿಲ್ಲರಿನ ಪರಮಶತ್ರು ಕೆಸರು; ಆಯಿಲ್ ಸೀಲ್ ಸವೆದ ಎಡೆಯಿಂದ ಅದು ಅಚ್ಚಿನೊಳಗೆ ನುಸುಳಿ, ಎಣ್ಣೆಯೊಡನೆ ಬೆರೆತು, ಬೇರಿಂಗುಗಳನ್ನು ಸಾಣೆ ಹಿಡಿದಂತೆ ತಿನ್ನುತ್ತದೆ. ಕಾಪುವಿನ ಕಡೆ ಇದಕ್ಕೆ ಉಪ್ಪುಗಾಳಿಯೂ ಸೇರಿ ತಗಡಿನ ಭಾಗಗಳು ಬೇಗನೆ ಜರಡಿಯಾಗುತ್ತವೆ. ಮಳೆಗಾಲ ಮುಗಿದ ಮೇಲೆ ಚಾವಡಿಯ ಬದಿಯಲ್ಲಿ ವರುಷಗಟ್ಟಲೆ ಬಿದ್ದು ಪಿಸ್ಟನ್ ಕಚ್ಚಿಕೊಂಡ ಇಂಜಿನಿಗೆ, ಹೆಡ್ ಬಿಚ್ಚಿ, ಸಿಲಿಂಡರಿನೊಳಗೆ ಡೀಸೆಲ್ ಹೊಯ್ದು ದಿನಗಟ್ಟಲೆ ನೆನೆಯಬಿಟ್ಟು, ಮರದ ತುಂಡನ್ನು ಅಡ್ಡಕೊಟ್ಟು ಮೆಲ್ಲಗೆ ತಟ್ಟಿ ಸಡಿಲಿಸುವ ಕ್ರಮವನ್ನು ಬಲ್ಲವರು ಇನ್ನೂ ಇದ್ದಾರೆ. ಅವಸರದಿಂದ ಕಬ್ಬಿಣದ ಸುತ್ತಿಗೆಯಿಂದ ಹೊಡೆದರೆ ಪಿಸ್ಟನ್ನೇ ಒಡೆಯುವುದೆಂದು ಶಿಷ್ಯರಿಗೆ ಮೊದಲ ಪಾಠ.

ಆದರೆ ಈ ವೈದ್ಯರೇ, ಅರಿವಿಲ್ಲದೆ, ಸಂಗ್ರಾಹಕನ ಆಸೆಗೆ ಕಲ್ಲು ಹಾಕಿದವರೂ ಆಗಿದ್ದಾರೆ. ಬಿಡಿಭಾಗ ಸಿಗದಾಗ ಎರಡು ಟಿಲ್ಲರುಗಳನ್ನು ಕೆಡಿಸಿ ಒಂದನ್ನು ನಡೆಸುವುದು ಅವರ ಧರ್ಮ. ಒಂದರ ಗೇರ್‌ಬಾಕ್ಸ್, ಇನ್ನೊಂದರ ಇಂಜಿನ್, ಕುಲುಮೆಯಲ್ಲಿ ತಟ್ಟಿಸಿದ ಹಿಡಿ, ಗಾಡಿಯ ಪಟ್ಟಿಯಿಂದ ಕಡಿಸಿದ ಕತ್ತಿ, ಎಲ್ಲದರ ಮೇಲೂ ಅಂಗಡಿಯಲ್ಲಿ ಉಳಿದಿದ್ದ ಯಾವುದೋ ಬಣ್ಣ: ಹೀಗೆ ಸಂಕರವಾಗದೆ ಉಳಿದ ಹಳೆಯ ಟಿಲ್ಲರ್ ಸಿಗುವುದು ದುರ್ಲಭ. ಅಮೆರಿಕದವರ ಮಾನದಂಡದಿಂದ ನೋಡಿದರೆ ಇವುಗಳಲ್ಲಿ ಒಂದೂ ಶುದ್ಧವಲ್ಲ. ನನ್ನ ಮಟ್ಟಿಗೆ ಆ ಮಾನದಂಡವೇ ಇಲ್ಲಿ ಅಸಂಗತ. ಶೆಣೈಯವರು ಮನೆಗಳನ್ನು ತಂದಾಗ ತಲೆಮಾರುಗಳ ಹೊಗೆಯಿಂದ ಕಪ್ಪಾದ ಮರವೂ ಮನೆಯೊಡನೆಯೇ ಬಂದಿತು. ಟಿಲ್ಲರಿನ ವಿಷಯದಲ್ಲಿಯೂ, ಕಾರ್ಖಾನೆ ಬಳಿದ ಬಣ್ಣಕ್ಕಿಂತ ಕುಲುಮೆಯವನು ಹಾಕಿದ ಬೆಸುಗೆಯೇ ಅಧಿಕ ಇತಿಹಾಸವನ್ನು ಹೇಳುತ್ತದೆ. ಅದನ್ನು ಅರೆದು ನುಣುಪು ಮಾಡಿ ಹೊಳಪಿಸಿದರೆ ಉಳಿಯುವುದು ಜಪಾನಿನ ಮಾದರಿಯ ಇನ್ನೊಂದು ಪ್ರತಿ ಮಾತ್ರ, ಕಾರ್ಕಳದ ಗದ್ದೆಯಲ್ಲಿ ಬಾಳಿದ ಯಂತ್ರವಲ್ಲ. ಹಾಗೆಂದು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಒಪ್ಪಿಸುವುದನ್ನು ನಾನು ಸಮರ್ಥಿಸುತ್ತಿಲ್ಲ. ಅದೇ ಇಂದು ನಡೆದಿರುವುದು.

ಗದ್ದೆಗಳೇ ಕಡಮೆಯಾದುವೆಂಬುದು ಇದರ ಹಿಂದಿನ ಮಾತು. ಬೈಲುಗಳಿಗೆ ಮಣ್ಣು ತುಂಬಿ ಅಡಕೆ ನೆಟ್ಟರು, ಹೆದ್ದಾರಿಯ ಬದಿಯಲ್ಲಿ ನಿವೇಶನ ಮಾಡಿದರು, ಏನೂ ಮಾಡದವರು ಹಡಿಲು ಬಿಟ್ಟರು. 2014ರ ತರುವಾಯ ಕೃಷಿ ಯಂತ್ರಧಾರೆಯ ಕೇಂದ್ರಗಳು ತೆರೆದು ನಾಟಿಯ ಯಂತ್ರ, ಟ್ರಾಕ್ಟರುಗಳು ಬಾಡಿಗೆಗೆ ದೊರೆಯತೊಡಗಿದುವು. ಉಡುಪಿಯಲ್ಲಿ 2021ರಲ್ಲಿ ಕೇದಾರೋತ್ಥಾನ ಟ್ರಸ್ಟಿನ ಹೆಸರಿನಲ್ಲಿ ಹಡಿಲು ಭೂಮಿಯ ಆಂದೋಲನ ನಡೆದಾಗಲೂ ಪೊದೆ ಬೆಳೆದ ಗದ್ದೆಗಳನ್ನು ಹಸನು ಮಾಡುವ ಭಾರ ಬಹುಮಟ್ಟಿಗೆ ದೊಡ್ಡ ಯಂತ್ರಗಳ ಮೇಲೆಯೇ ಬಿದ್ದಿತು. ಹುಣಿಗಳನ್ನು ಕಡಿದು ಗದ್ದೆಗಳನ್ನು ಕೂಡಿಸಿದಲ್ಲೆಲ್ಲ ನಾಲ್ಕು ಚಕ್ರಕ್ಕೆ ದಾರಿಯಾಯಿತು, ಎರಡು ಚಕ್ರಕ್ಕೆ ಕೆಲಸ ತಪ್ಪಿತು.

ಇಷ್ಟಾದರೂ ಯಾರಾದರೂ ಸಂಗ್ರಹಕ್ಕೆ ಹೊರಟರೆ ಮೊದಲು ಹುಡುಕಬೇಕಾದುದು ಗುಜರಿ ಅಂಗಡಿಯನ್ನಲ್ಲ, ಅಡಕೆ ತೋಟಗಳನ್ನು. ಚೌಕಟ್ಟು, ರೋಟರಿ, ಕೇಜ್‌ವೀಲುಗಳು ಕಬ್ಬಿಣದ ಬೆಲೆಗೆ ಹೋದ ಮೇಲೂ ಇಂಜಿನನ್ನು ಮಾತ್ರ ಉಳಿಸಿಕೊಂಡು, ಕೆರೆಯ ದಂಡೆಯಲ್ಲಿ ಎರಡು ಮರದ ತೊಲೆಗಳ ಮೇಲೆ ಬಿಗಿದು, ಬೆಲ್ಟು ಹಾಕಿ ಪಂಪಿಗೆ ಕಟ್ಟಿದವರು ಕಾರ್ಕಳದ ಕಡೆ ಇದ್ದಾರೆ. ಕೊಡುತ್ತೀರಾ ಎಂದು ಕೇಳಿದರೆ ಅವರು ನಗುತ್ತಾರೆ: ಕರೆಂಟು ಕೈಕೊಟ್ಟ ದಿನ ತೋಟಕ್ಕೆ ನೀರು ಬಿಡುವವರು ಯಾರು ಸ್ವಾಮಿ?